ಮಾತಿಗೆ ಆರು ಅಂಕ

ವೆಳ್ಳವತ್ತೆ, ಕೊಲಂಬೊ
9 ಫೆಬ್ರವರಿ 2012

ಅಪ್ಪಾ,

ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬಂತು. ಕೇಳುವುದರಲ್ಲಿ ಎಂಟು, ಓದುವುದರಲ್ಲಿ ಎಂಟು, ಬರೆಯುವುದರಲ್ಲಿ ಏಳು, ಮಾತಾಡುವುದರಲ್ಲಿ ಆರು. ಎಲ್ಲ ಒಂಬತ್ತಕ್ಕೆ. ಸರಾಸರಿಯನ್ನು ಮೇಲಿನ ಅರ್ಧಕ್ಕೆ ಏರಿಸಿ ಏಳೂವರೆ ಎಂದು ಹಾಕಿದ್ದಾರೆ, ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯದವರು ಕೇಳಿದ್ದೂ ಅಷ್ಟೇ. ಆದರೆ ಅವರ ಪತ್ರದಲ್ಲಿ ಇನ್ನೊಂದು ಸಾಲಿದೆ. ಯಾವ ಭಾಗದಲ್ಲೂ ಏಳಕ್ಕೆ ಕಡಿಮೆ ಬರಕೂಡದು. ಕಾನೂನು ಓದಲು ಬರುವವರಿಗೆ ಈ ಬಿಗಿ. ನನ್ನ ಜೊತೆ ಪರೀಕ್ಷೆ ಬರೆದ ಎಂಜಿನಿಯರ್ ಹುಡುಗನಿಗೆ ಆರು ಸಾಕಾಗಿತ್ತು, ಅವನು ಆಗಲೇ ಸ್ವೆಟರ್ ಕೊಳ್ಳುತ್ತಿದ್ದಾನೆ.

ಮಾತಿನ ಪರೀಕ್ಷೆ ಹದಿನಾಲ್ಕು ನಿಮಿಷ. ಮೇಜಿನ ಮೇಲೆ ಧ್ವನಿಮುದ್ರಣದ ಯಂತ್ರ, ಎದುರಿಗೆ ಒಬ್ಬ ಹೆಂಗಸು. "ನೀರಿನ ಹತ್ತಿರ ವಾಸಿಸುವುದು ನಿಮಗೆ ಇಷ್ಟವೇ?" ಎಂದು ಕೇಳಿದರು. "ಇಷ್ಟ" ಎಂದೆ. ಅವರು ಕಾದರು. ನಾನೂ ಕಾದೆ. ಮಟ್ಟಕ್ಕಳಪ್ಪಿನ ಹಿನ್ನೀರು ನೋಡಿಕೊಂಡು ಬೆಳೆದವಳಿಗೆ ಆಮೇಲೆ ಏನು ಹೇಳಬೇಕೆಂದು ತೋಚಲಿಲ್ಲ.

ಜುಲೈ ಮೂವತ್ತೊಂದರ ಒಳಗೆ ಹೊಸ ಅಂಕ ಕಳಿಸಿದರೆ ಸೀಟು ಉಳಿಯುತ್ತದೆ. ಜೂನ್ ಎರಡಕ್ಕೆ ಮತ್ತೆ ಪರೀಕ್ಷೆಗೆ ಕಟ್ಟಿದ್ದೇನೆ. ನಾನು ಕಾನೂನು ಓದಿದ್ದು ತಮಿಳು ಮಾಧ್ಯಮದಲ್ಲಿ, ಹಾಗಾಗಿ ವಿನಾಯಿತಿ ಇಲ್ಲ. ಈ ಅಂಕಗಳಿಗೆ ಎರಡೇ ವರ್ಷ ಆಯಸ್ಸಂತೆ. ಆಮೇಲೆ ಬರೆದದ್ದು ಬರೆಯದ ಹಾಗೆ. ಎರಡು ವರ್ಷಕ್ಕೆ ಕಲಿತ ಭಾಷೆ ಮರೆತುಹೋಗುತ್ತದೆಯೇ?

ಮನೆಯೊಡತಿ ಪೂಮಣಿ ಆಂಟಿ ಬಾಗಿಲಲ್ಲಿ ನಿಂತು, "ಏನ್ ಪಿಳ್ಳೆ, ಕನ್ನಡಿ ಮುಂದೆ ಒಬ್ಳೇ ಗೊಣಗ್ತಾ ಇದ್ದೀಯ, ಯಾವನಾದ್ರೂ ಇದ್ರೆ ಹೇಳು, ಬಾಡಿಗೆ ಹೆಚ್ಚು ಮಾಡ್ತೀನಿ" ಎಂದರು.

ಒಂದು ಮಾತು ಕೇಳಬೇಕೆಂದು ಬಹಳ ದಿನದಿಂದ ಇದೆ. ನೀವು ಮೂವತ್ತಮೂರು ವರ್ಷ ಕೋರ್ಟಿನಲ್ಲಿ ದುಭಾಷಿಯಾಗಿದ್ದಿರಿ. ತಮಿಳಿನಿಂದ ಸಿಂಹಳಕ್ಕೆ, ಸಿಂಹಳದಿಂದ ಇಂಗ್ಲಿಷಿಗೆ ಮಾತು ಸಾಗಿಸಿ ನಮ್ಮನ್ನು ಸಾಕಿದಿರಿ. ಮನೆಯಲ್ಲಿ ಮಾತ್ರ ಒಂದು ದಿನವೂ ನನ್ನ ಹತ್ತಿರ ಇಂಗ್ಲಿಷ್ ಆಡಲಿಲ್ಲ. ಯಾಕಪ್ಪಾ?

ನಿಮ್ಮ ಮಗಳು,
ಮೇಕಲಾ


ಮಟ್ಟಕ್ಕಳಪ್ಪು
20 ಫೆಬ್ರವರಿ 2012

ಮಗಳೇ,

ಕಾಗದ ಸೇರಿತು. ಆರು ಎನ್ನುವುದು ಸೋಲಲ್ಲ. ನಿನಗೆ ಏನಾಗಿದೆ ಎಂದು ನನಗೆ ಗೊತ್ತು. ಮೂರು ವರ್ಷದ ವಕೀಲಿಕೆಯಲ್ಲಿ ಸಾಕ್ಷಿಗಳಿಗೆ "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಒಂದು ಮಾತೂ ಹೆಚ್ಚು ಆಡಬೇಡಿ" ಎಂದು ಹೇಳಿಕೊಟ್ಟು ಹೇಳಿಕೊಟ್ಟು ನೀನೇ ಸಾಕ್ಷಿಯಾಗಿದ್ದೀಯ. ಪರೀಕ್ಷೆಯವರಿಗೆ ಬೇಕಾದದ್ದು ಸತ್ಯವಲ್ಲ, ಮಾತು.

ನನ್ನ ಕಿವಿ ಈಗ ಹೆಚ್ಚುಕಡಿಮೆ ಮುಚ್ಚಿದೆ. ಫೋನು ನಮ್ಮಿಬ್ಬರ ಪಾಲಿಗೆ ಇಲ್ಲ. ಆದ್ದರಿಂದ ಹೀಗೆ ಮಾಡು. ಪರೀಕ್ಷೆಯಲ್ಲಿ ಕೇಳುವಂಥ ಪ್ರಶ್ನೆಗಳಿಗೆ ಬಾಯಲ್ಲಿ ಹೇಗೆ ಹೇಳುತ್ತೀಯೋ ಹಾಗೆಯೇ ಇಂಗ್ಲಿಷಿನಲ್ಲಿ ಬರೆದು ಕಳಿಸು. ತಿದ್ದಿ ಕಳಿಸುತ್ತೇನೆ. ಕಚ್ಚೇರಿಯ ಎದುರು ಕೂತು ಊರವರ ಅರ್ಜಿ ಬರೆಯುವವನಿಗೆ ಮಗಳ ಅರ್ಜಿ ಭಾರವಲ್ಲ.

ಇನ್ನೊಂದು ದಾರಿಯೂ ಇದೆ. ಹೆನೆಗಮ ಸಾಹೇಬರು ನಿವೃತ್ತರಾಗಿ ಮಹನುವರದಲ್ಲಿದ್ದಾರೆ. ನಿನ್ನ ಓದು ಇಂಗ್ಲಿಷಿನಲ್ಲೇ ನಡೆಯಿತು ಎಂದು ಅವರಿಂದ ಒಂದು ಪತ್ರ ಬರೆಸಿದರೆ ವಿನಾಯಿತಿ ಸಿಗಬಹುದು. ಹೈಕೋರ್ಟ್ ನ್ಯಾಯಾಧೀಶರಾಗಿದ್ದವರ ಮಾತಿಗೆ ಬೆಲೆ ಇರುತ್ತದೆ. ನಾನು ಮುಂದಿಟ್ಟದ್ದಕ್ಕೆ ಅವರು ಯಾವತ್ತೂ ಓದದೆ ಸಹಿ ಹಾಕುತ್ತಿದ್ದರು.

ನಿನ್ನ ಅತ್ತೆ ರಾಸಮ್ಮನಿಗೆ ಮಂಡಿ ನೋವು. ಆದರೂ ನನ್ನ ಕಿವಿಯ ಹತ್ತಿರ ಬಂದು ಕಿರುಚುವ ಶಕ್ತಿ ಇದೆ. "ಅವಳಿಗೆ ಹೇಳು, ಮದ್ವೆಗೆ ಯಾವ ಪರೀಕ್ಷೆನೂ ಇಲ್ಲ ಅಂತ" ಎಂದು ಹೇಳಲು ಹೇಳಿದ್ದಾಳೆ. ಹೇಳಿದ್ದೇನೆ. ಮೊಸರು ಈ ವರ್ಷ ಚೆನ್ನಾಗಿದೆ. ಕಲ್ಲಡಿಯ ಹೊಸ ಸೇತುವೆಯ ಕೆಲಸ ನಡೆಯುತ್ತಲೇ ಇದೆ.

ಅಪ್ಪ


ವೆಳ್ಳವತ್ತೆ
4 ಮಾರ್ಚ್ 2012

ಅಪ್ಪಾ,

ಹೆನೆಗಮ ಸಾಹೇಬರ ಪತ್ರ ಬೇಡ. ತಮಿಳಿನಲ್ಲಿ ಓದಿದವಳು ಇಂಗ್ಲಿಷಿನಲ್ಲಿ ಓದಿದೆ ಎಂದು ಹೇಗೆ ಬರೆಸಲಿ? ನಾನು ಅಲ್ಲಿ ಓದಲು ಹೊರಟಿರುವ ವಿಷಯವೇ ಕೋರ್ಟಿನ ಭಾಷೆ ಬಾರದ ಆರೋಪಿಯ ಹಕ್ಕು. ಅದಕ್ಕೆ ಸುಳ್ಳು ಪತ್ರ ಹಿಡಿದು ಹೋದರೆ ನನಗೇ ನಗು ಬರುತ್ತದೆ.

ನನ್ನ ಸೀನಿಯರ್ ಇಂದ್ರಾಣಿ ಮೇಡಂಗೂ ಹೇಳಿದೆ. ಅವರು ಫೈಲಿನಿಂದ ತಲೆ ಎತ್ತದೆ, "ಒಂದು ಅಂಕಕ್ಕೆ ಯಾರೂ ಸಾಯಲ್ಲ ಮೇಕಲಾ. ಸುಳ್ಳು ಪತ್ರ ಮಾತ್ರ ಇಪ್ಪತ್ತು ವರ್ಷ ಆದ್ಮೇಲೂ ಎದ್ದು ಬರ್ತದೆ" ಎಂದರು.

ಮೂರು ಉತ್ತರ ಬರೆದು ಇಟ್ಟಿದ್ದೇನೆ. ನೆರೆಮನೆಯವರ ಬಗ್ಗೆ ಒಂದು, ಇಷ್ಟದ ಊಟದ ಬಗ್ಗೆ ಒಂದು, ನಗರದ ಸಂಚಾರದ ಬಗ್ಗೆ ಒಂದು. ಗಡಿಯಾರ ಇಟ್ಟುಕೊಂಡು ಬಾಯಲ್ಲಿ ಹೇಳಿ ಆಮೇಲೆ ಬರೆದದ್ದು. ಎರಡು ನಿಮಿಷ ಮಾತಾಡಬೇಕು. ನನ್ನದು ನಲವತ್ತು ಸೆಕೆಂಡಿಗೆ ಮುಗಿಯುತ್ತದೆ.

ನಾನು ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ.

ಮೇಕಲಾ


ಮಟ್ಟಕ್ಕಳಪ್ಪು
15 ಮಾರ್ಚ್ 2012

ಮೇಕಲಾ,

ತಿದ್ದಿದ ಹಾಳೆಗಳು ಇದರ ಜೊತೆ ಇವೆ. ವ್ಯಾಕರಣ ಸರಿಯಾಗಿದೆ. ತಪ್ಪು ಬೇರೆ ಕಡೆ ಇದೆ. ಪುಟ್ಟು ಮತ್ತು ಏಡಿ ಸಾರು ಇಷ್ಟ ಎಂದು ಬರೆದು ನಿಲ್ಲಿಸಿದ್ದೀಯ. ಏಡಿ ತಂದವರು ಯಾರು, ಅದನ್ನು ಒಡೆಯುವಾಗ ಅಮ್ಮ ಏನು ಬಯ್ಯುತ್ತಿದ್ದಳು, ನಿನ್ನ ಬೆರಳಿಗೆ ಅದು ಹೇಗೆ ಕಚ್ಚಿತು ಎಂದು ಹೇಳು. ಎರಡು ನಿಮಿಷ ಸಾಲುವುದಿಲ್ಲ.

ನನ್ನ ಪರೀಕ್ಷೆಯ ಕಥೆ ಹೇಳಿಲ್ಲ ಅಲ್ಲವೇ. 1971ರಲ್ಲಿ ಮೂವರು ಕೂತಿದ್ದರು. ಒಬ್ಬರು ಪತ್ರಿಕೆಯಿಂದ ಇಂಗ್ಲಿಷಿನ ಒಂದು ತುಂಡು ಓದಿದರು, ನಾನು ತಮಿಳಿನಲ್ಲಿ ಹೇಳಿದೆ. ಇನ್ನೊಬ್ಬರು ಸಿಂಹಳದಲ್ಲಿ ಜಗಳದ ಒಂದು ಪ್ರಸಂಗ ಹೇಳಿದರು, ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮೂರನೆಯವರು ಕಿಟಕಿ ನೋಡುತ್ತ, "ನೆಗಡಿಯೇನಯ್ಯಾ?" ಎಂದು ತಮಿಳಿನಲ್ಲಿ ಕೇಳಿದರು. ನಾನು ಅದನ್ನೂ ಇಂಗ್ಲಿಷಿಗೆ ತಿರುಗಿಸಿಬಿಟ್ಟೆ. ಮೂವರೂ ನಕ್ಕರು. ಕೆಲಸ ಸಿಕ್ಕಿತು. ಇಪ್ಪತ್ತು ನಿಮಿಷದ ಪರೀಕ್ಷೆ. ಆಮೇಲೆ ನಿವೃತ್ತಿಯ ದಿನದವರೆಗೆ ಯಾರೂ ನನ್ನನ್ನು ಪರೀಕ್ಷಿಸಲಿಲ್ಲ.

ಎರಡು ವರ್ಷಕ್ಕೆ ಅಂಕ ಸಾಯುತ್ತದೆ ಎಂದು ದೂರಿದ್ದೀಯ. ಆ ನಿಯಮ ಮಾಡಿದವನು ದಡ್ಡನಲ್ಲ.

ಅಪ್ಪ


ವೆಳ್ಳವತ್ತೆ
2 ಏಪ್ರಿಲ್ 2012

ಅಪ್ಪಾ,

ಏಡಿಯ ಕಥೆ ಎರಡು ನಿಮಿಷ ಐದು ಸೆಕೆಂಡು ಬಂತು. ಪೂಮಣಿ ಆಂಟಿ ಒಳಗಿನಿಂದ, "ಅರ್ಥ ಆಗ್ಲಿಲ್ಲ, ಆದ್ರೆ ಹಸಿವಾಯ್ತು" ಎಂದರು.

ಪರೀಕ್ಷೆಯಲ್ಲಿ ಕೈಗೆ ಕೊಡುವ ಇನ್ನೊಂದು ಥರದ ಪ್ರಶ್ನೆ ಚೀಟಿಗಳು ನನಗೆ ಆಗುತ್ತಿಲ್ಲ. ಅಭ್ಯಾಸದ ಪುಸ್ತಕದಲ್ಲಿ ಒಂದು ಹೀಗಿದೆ: "ನಿಮ್ಮ ಕೆಲಸದಲ್ಲಿ ನೀವು ಮಾಡಿದ ಒಂದು ತಪ್ಪನ್ನು ವಿವರಿಸಿ. ಅದು ಯಾವಾಗ ಆಯಿತು, ಹೇಗೆ ಆಯಿತು, ಆಮೇಲೆ ನೀವು ಏನು ಮಾಡಿದಿರಿ ಎಂದು ಹೇಳಿ." ನಾನು ವಕೀಲಿಕೆ ಮಾಡಿ ಮೂರೇ ವರ್ಷ. ತಡವಾಗಿ ಹಾಕಿದ ಒಂದು ಅರ್ಜಿ ಬಿಟ್ಟರೆ ಏನೂ ನೆನಪಾಗುವುದಿಲ್ಲ. ನೀವು ಒಂದು ಮಾದರಿ ಬರೆದು ಕಳಿಸುತ್ತೀರಾ? ಏನಾದರೂ ಚಿಕ್ಕದು ಸಾಕು, ಕಟ್ಟಿ ಹೇಳಿದರೂ ಸರಿ. ವಾಕ್ಯ ಹೇಗೆ ನಡೆಯಬೇಕು ಎಂದು ಗೊತ್ತಾದರೆ ಆಯಿತು.

ಈ ತಿಂಗಳ ಹೊಸ ವರ್ಷಕ್ಕೆ ಊರಿಗೆ ಬರಲು ಆಗುವುದಿಲ್ಲ. ಅತ್ತೆಗೆ ಸೀರೆ ಕಳಿಸಿದ್ದೇನೆ. ಬಣ್ಣ ಹಿಡಿಸದಿದ್ದರೆ ಅವಳು ಹೇಳಿಯೇ ಹೇಳುತ್ತಾಳೆ.

ಮೇಕಲಾ


ವೆಳ್ಳವತ್ತೆ
26 ಏಪ್ರಿಲ್ 2012

ಅಪ್ಪಾ,

ಮೂರು ವಾರ ಆಯಿತು. ಅತ್ತೆ ಪಕ್ಕದ ಮನೆಯಿಂದ ಫೋನ್ ಮಾಡಿದ್ದಳು. "ನಿಮ್ಮಪ್ಪಂಗೆ ಏನ್ ಬರ್ದೆ? ಕಚ್ಚೇರಿಗೂ ಹೋಗ್ತಿಲ್ಲ. ಬರೀತಾನೆ, ಹರೀತಾನೆ. ಒಲೆಗೆ ಕಾಗ್ದ ಸಾಕಾಗಿದೆ ನಂಗೆ" ಎಂದಳು. ಮೈ ಸರಿಯಿಲ್ಲವೇ? ಮಾದರಿ ಬರೆಯುವುದು ಕಷ್ಟವಾದರೆ ಬಿಡಿ. ಕ್ಷೇಮವಾಗಿದ್ದೀರೆಂದು ಎರಡು ಸಾಲು ಹಾಕಿ.

ಮೇಕಲಾ


ಮಟ್ಟಕ್ಕಳಪ್ಪು
9 ಮೇ 2012

ಮಗಳು ಮೇಕಲಾಗೆ,

ಮೊದಲು ಇಂಗ್ಲಿಷಿನಲ್ಲೇ ಬರೆಯಲು ಕೂತೆ, ನೀನು ಕೇಳಿದ್ದು ಅದನ್ನು ತಾನೇ. ಇಂಗ್ಲಿಷಿನಲ್ಲಿ ಅದು ಬಹಳ ಚೆನ್ನಾಗಿ ಬಂತು. ಯಾರೋ ಮಾಡಿದ ತಪ್ಪಿನ ಹಾಗೆ ಕಾಣಿಸಿತು. ಅದಕ್ಕೇ ಹರಿದೆ. ಈಗ ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಪರೀಕ್ಷೆಗೆ ಇದು ಉಪಯೋಗಕ್ಕೆ ಬರುವುದಿಲ್ಲ.

ಯಾವಾಗ ಆಯಿತು: 1991ರ ಆಗಸ್ಟ್. ನಾವು ಆಗ ನನಗೆ ವರ್ಗವಾಗಿದ್ದ ಬೆಟ್ಟದ ಮೇಲಿನ ಆ ಊರಿನಲ್ಲಿದ್ದೆವು. ನೀನು ಎರಡನೇ ಕ್ಲಾಸು.

ಸನ್ನಾಸಿ ಎಂಬವನು ಟೀ ಎಸ್ಟೇಟಿನ ಆಳು. ಲಾರಿಗೆ ಚೀಲ ಹೇರುವವನು, ಮೂವತ್ತೈದು ಇರಬಹುದು. ಅವನ ಕಂಗಾಣಿ, ಅಂದರೆ ಆಳುಗಳ ಮೇಸ್ತ್ರಿ, ಕಂದಕದಲ್ಲಿ ಸತ್ತು ಬಿದ್ದಿದ್ದ. ತಲೆಗೆ ಪೆಟ್ಟು. ಬಿದ್ದು ಆದದ್ದೋ ಹೊಡೆದು ಆದದ್ದೋ ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಹೆಣ ಸಿಗುವ ಎರಡು ದಿನ ಮೊದಲು ಸನ್ನಾಸಿಗೂ ಕಂಗಾಣಿಗೂ ಕೂಲಿಯ ವಿಷಯಕ್ಕೆ ಜಗಳವಾಗಿತ್ತು, ಎಲ್ಲರೂ ನೋಡಿದ್ದರು. ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು ಹೆನೆಗಮ ಸಾಹೇಬರು. ಅವರಿಗೆ ತಮಿಳು ಬಾರದು. ಸರ್ಕಾರ ಕೊಟ್ಟ ವಕೀಲನಿಗೂ ಬಾರದು. ಆ ಕೋಣೆಯಲ್ಲಿ ಸನ್ನಾಸಿಯ ಮಾತು ತಿಳಿಯುವವನು ನಾನೊಬ್ಬನೇ, ಹಿಂದೆ ನಿಂತ ಅವನ ಹೆಂಡತಿ ಬಿಟ್ಟರೆ.

ಹೇಗೆ ಆಯಿತು: ಅದಕ್ಕೆ ಎರಡು ವರ್ಷ ಮೊದಲಿಂದಲೇ ನನ್ನ ಕಿವಿ ಹೋಗುತ್ತಿತ್ತು. ನಿಮ್ಮಮ್ಮನಿಗೂ ಹೇಳಿರಲಿಲ್ಲ. ತುಟಿ ನೋಡಿಕೊಂಡು ನಿಭಾಯಿಸುತ್ತಿದ್ದೆ. ಸನ್ನಾಸಿ ಕಟಕಟೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ. ದೊರೆಗಳ ಮುಂದೆ ಅವರು ಹಾಗೇ ನಿಲ್ಲುವುದು, ಅದು ಮರ್ಯಾದೆ. ಕೈ ತೆಗೆಯಲು ಹೇಳಬಹುದಿತ್ತು. ಯಾಕೆ ಎಂದು ಸಾಹೇಬರು ಕೇಳಿದರೆ ಏನು ಹೇಳಲಿ ಎಂದು ಸುಮ್ಮನಿದ್ದೆ.

"ಜಗಳದ ನಂತರ ಏನಾಯಿತು?" ಎಂದು ಕೇಳಿದರು. ಅವನು ಹೇಳಿದ್ದು: "ಅವರ ಸಂಗಡ ಅವತ್ತೇ ಮುಗ್ಸ್ಕೊಂಡೆ ಸಾಮಿ." ನನಗೆ ಕೇಳಿಸಿದ್ದು: "ಅವರನ್ನ ಅವತ್ತೇ ಮುಗಿಸ್ದೆ ಸಾಮಿ." ನಡುವಿನ "ಸಂಗಡ", ಕೊನೆಯ "ಕೊಂಡೆ" ಎರಡೂ ಕೇಳಿಸಲೇ ಇಲ್ಲ. ಇಲ್ಲದ ಜಾಗವನ್ನು ನಾನೇ ತುಂಬಿದೆ. ಅವನನ್ನು ಮುಗಿಸಿದೆ ಎನ್ನುತ್ತಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಅದೇ ಮಾತೇನಯ್ಯಾ? ಸರಿಯಾಗಿ ಕೇಳ್ದೆಯಾ?" ಎಂದರು. ಸರಿಯಾಗಿ ಕೇಳಿದೆ ಎಂದೆ. ಬರೆದುಕೊಂಡರು.

ಸಂಜೆ ಅವನ ಹೆಂಡತಿ ಕೋರ್ಟಿನ ಮೆಟ್ಟಿಲ ಹತ್ತಿರ ಅಡ್ಡ ಬಂದಳು. "ಅಯ್ಯಾ, ನಮ್ಮೋರು ಹೇಳಿದ್ಮೇಲೆ ಎಲ್ರೂ ಯಾಕೆ ಹಂಗ್ ನೋಡಿದ್ರು? ಕಂಗಾಣಿ ಸಂಗಡ ಅವತ್ತೇ ಮುಗ್ಸ್ಕೊಂಡೆ, ಆ ಕಡೆ ಹೋಗ್ಲೇ ಇಲ್ಲ ಅಂತ ತಾನೆ ಅಂದಿದ್ದು? ತಪ್ಪಾ ಅದು?" ಅವಳು ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದ್ದರಿಂದ ಪ್ರತಿ ಪದವೂ ಕಾಣಿಸಿತು.

ಆಮೇಲೆ ಏನು ಮಾಡಿದಿರಿ: ಏನೂ ಮಾಡಲಿಲ್ಲ. ಚೀಟಿಯ ಮೂರನೇ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮರುದಿನ ಬೆಳಿಗ್ಗೆ ಸಾಹೇಬರ ಕೋಣೆಯ ಹೊರಗೆ ಅರ್ಧ ಗಂಟೆ ನಿಂತಿದ್ದೆ. ಅವರು ಕರೆದು ಒಂದು ಕಾಗದಕ್ಕೆ ಸಹಿ ಬೇಕೇ ಎಂದು ಕೇಳಿದರು. ಇಲ್ಲ ಎಂದು ಬಂದೆ. ಕಿವಿ ಕೇಳದ ದುಭಾಷಿಯನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಆಗ ಯೋಚಿಸಿದೆ, ನಿನ್ನ ಸ್ಕೂಲು ಯೋಚಿಸಿದೆ. ಈಗ ಅದನ್ನು ಕಾರಣವೆಂದು ಬರೆಯುತ್ತಿಲ್ಲ, ಯೋಚಿಸಿದೆ ಎಂದು ಬರೆಯುತ್ತಿದ್ದೇನೆ.

ಸನ್ನಾಸಿಗೆ ಹದಿನೆಂಟು ವರ್ಷ ಕೊಟ್ಟರು. ತೀರ್ಪಿನಲ್ಲಿ ಅವನ "ಸ್ವಂತ ಮಾತು" ಎಂದು ಎರಡು ಸಲ ಬಂದಿದೆ.

ಆಮೇಲೂ ಹದಿಮೂರು ವರ್ಷ ಆ ಕೆಲಸ ಮಾಡಿದೆ. ಎಚ್ಚರದಿಂದ ಮಾಡಿದೆ, ಎಲ್ಲರಿಗೂ "ಕೈ ತೆಗಿ" ಎಂದು ಗದರಿಸಿದೆ. ಆದರೆ ಕೋರ್ಟಿನ ಹೊರಗೆ ಇಂಗ್ಲಿಷನ್ನು ಬಾಯಿಗೆ ತರಲು ಆಗಲಿಲ್ಲ. ನೀನು ಫೆಬ್ರವರಿಯಲ್ಲಿ ಕೇಳಿದ್ದಕ್ಕೆ ಉತ್ತರ ಇದು.

ಇದನ್ನು ನೀನು ಏನು ಬೇಕಾದರೂ ಮಾಡಬಹುದು.

ತವರಾಜಾ


ವೆಳ್ಳವತ್ತೆ
30 ಮೇ 2012

ಅಪ್ಪಾ,

ಕಾಗದ ಹದಿನಾಲ್ಕನೇ ತಾರೀಕು ಬಂತು. ಓದಿದೆ. ಇಷ್ಟು ದಿನ ಉತ್ತರ ಬರೆಯಲಿಲ್ಲ, ಈಗಲೂ ಬರೆಯುತ್ತಿಲ್ಲ. ಶನಿವಾರ ಪರೀಕ್ಷೆ.

ಅತ್ತೆಗೆ ಹೇಳಿದ್ದೀರಾ? ನಿಮ್ಮ ಮಾತ್ರೆ ತಪ್ಪಿಸಬೇಡಿ.

ಮೇಕಲಾ


ವೆಳ್ಳವತ್ತೆ
24 ಜೂನ್ 2012

ಅಪ್ಪಾ,

ಫಲಿತಾಂಶ ಬಂತು. ಮಾತಿಗೆ ಏಳು. ಉಳಿದವು ಮೊದಲಿನಂತೆಯೇ. ಸ್ಕಾಟ್ಲೆಂಡಿಗೆ ಕಳಿಸಿದ್ದೇನೆ, ಸೀಟು ಖಾಯಂ ಎಂದು ಎರಡು ಸಾಲಿನ ಉತ್ತರವೂ ಬಂದಿದೆ. ಪರೀಕ್ಷೆಯಲ್ಲಿ ಬಂದ ಚೀಟಿ ಒಂದು ಪ್ರಯಾಣದ ಬಗ್ಗೆ. ಎರಡು ನಿಮಿಷ ಮುಗಿದರೂ ನಾನು ಮಾತಾಡುತ್ತಿದ್ದೆ. ಪರೀಕ್ಷಕರು ಕೈ ಎತ್ತಿ ನಿಲ್ಲಿಸಬೇಕಾಯಿತು.

ನಿಮ್ಮ ಕಾಗದವನ್ನು ಇಂದ್ರಾಣಿ ಮೇಡಂಗೆ ತೋರಿಸಿದೆ. ನಿಮ್ಮನ್ನು ಕೇಳದೆ ತೋರಿಸಿದೆ. ಏನು ಬೇಕಾದರೂ ಮಾಡು ಎಂದು ನೀವೇ ಬರೆದಿದ್ದೀರಿ. ಅವರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ತಡ ಯಾಕಾಯ್ತು ಅಂತ ಕೋರ್ಟು ಕೇಳ್ತದೆ, ಅದಕ್ಕೆ ನಿಮ್ಮಪ್ಪನ ಅಫಿಡವಿಟ್ಟೇ ಉತ್ತರ. ಆದ್ರೆ ತಿಳ್ಕೋ, ಇದು ಹೊರಗೆ ಬಂದ್ರೆ ನಿಮ್ಮಪ್ಪ ಆ ವರ್ಷಗಳಲ್ಲಿ ಬಾಯಿ ಬಿಟ್ಟ ಪ್ರತಿ ಕೇಸೂ ಎದ್ದು ಕೂರ್ತದೆ. ಪೆನ್ಶನ್ ಬಗ್ಗೆ ನಾನು ಭರವಸೆ ಕೊಡಲ್ಲ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಮೊದ್ಲು ಆ ಮನುಷ್ಯ ಇದಾನಾ ನೋಡು. ಅವನಿಗೆ ಬೇಡ ಅಂದ್ರೆ ನಮ್ಗೇನು ಹಕ್ಕಿದೆ" ಎಂದರು.

ಇದ್ದಾನೆ. ಹೋದ ಭಾನುವಾರ ರೈಲು ಹತ್ತಿ ಹೋಗಿ ನೋಡಿ ಬಂದೆ. ಹನ್ನೆರಡು ವರ್ಷಕ್ಕೆ ಬಿಟ್ಟರಂತೆ. ಅದೇ ಎಸ್ಟೇಟಿನ ಮೇಲಿನ ಭಾಗದಲ್ಲಿ, ಆಳುಗಳ ಸಾಲಿನ ಲೈನ್ ಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದಾನೆ. ಹೆಂಡತಿ ಅವನು ಜೈಲಿನಲ್ಲಿದ್ದಾಗಲೇ ತೀರಿಕೊಂಡಳು. ಐವತ್ತಾರು ವಯಸ್ಸು, ಎಪ್ಪತ್ತರವನಂತೆ ಕಾಣುತ್ತಾನೆ. ಸೊಸೆ ಮರಗದಂ ಎಲೆ ಕೀಳುವ ಕೆಲಸ ಮಾಡುತ್ತಾಳೆ, ಹತ್ತನೇ ಕ್ಲಾಸಿನವರೆಗೆ ಓದಿದ್ದಾಳೆ. ನನಗೆ ಕೂರಲು ಚಾಪೆ ಹಾಕಿದಳು.

ನಾನು ಯಾರೆಂದು ಹೇಳಿ, ನೀವು ಬರೆದದ್ದನ್ನು ಹಾಗೆಯೇ ಓದಿದೆ. ಓದಿ ಮುಗಿಸಿದ ಮೇಲೆ, "ಸಂಗಡ ಮುಗ್ಸ್ಕೊಂಡೆ. ನಾನಂದಿದ್ದು ಅದೇನೆ" ಎಂದ. ಇಪ್ಪತ್ತೊಂದು ವರ್ಷ ಅವನಿಗೆ ಗೊತ್ತೇ ಇರಲಿಲ್ಲ ಅಪ್ಪಾ. ತಾನು ಏನು ಹೇಳಿದ್ದಕ್ಕೆ ಶಿಕ್ಷೆಯಾಯಿತು ಎಂದು ಯಾರೂ ಅವನಿಗೆ ತಮಿಳಿನಲ್ಲಿ ಹೇಳಿರಲಿಲ್ಲ. ಕಂಗಾಣಿ ಕಡೆಯವರು ದುಡ್ಡು ಕೊಟ್ಟಿದ್ದಾರೆ ಎಂದುಕೊಂಡಿದ್ದನಂತೆ.

ಅರ್ಜಿ ಹಾಕೋಣವೇ ಎಂದು ಕೇಳಿದೆ. "ಆ ವರ್ಷ ಕೊಡ್ತಾರಾ?" ಎಂದ. ಇಲ್ಲ ಎಂದೆ. ಮರಗದಂ ಒಳಗಿನಿಂದ, "ಹಾಕು ಮಾಮ. ಕೊಲೆಗಾರನ ಮನೆ ಅಂತ ನನ್ನ ಮಗಳನ್ನ ಸ್ಕೂಲಲ್ಲಿ ಕೂಗ್ತಾರೆ. ನಿನಗೆ ಬೇಡ ಇರ್ಬೋದು, ನಂಗೆ ಬೇಕು" ಎಂದಳು. ಅವನು ವಕಾಲತ್ತಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

ಹೊರಡುವಾಗ, "ನೀನ್ ಯಾಕಮ್ಮ ಬಂದೆ? ಬರ್ಬೇಕಾದವರು ಬರ್ಲಿಲ್ಲ" ಎಂದ.

ಅಫಿಡವಿಟ್ಟಿನ ಕರಡು ಇದರೊಳಗಿದೆ. ಓದಿ. ಒಂದು ಪದ ಸರಿಯಿಲ್ಲದಿದ್ದರೂ ತಿದ್ದಿ. ಸಹಿ ಹಾಕಲು ಒತ್ತಾಯವಿಲ್ಲ.

ನಾನು ನಿಮ್ಮ ಮೇಲೆ ಸಿಟ್ಟಾಗಿದ್ದೇನೆಯೇ ಎಂದು ನೀವು ಕೇಳಿಲ್ಲ.

ಮೇಕಲಾ


ಮಟ್ಟಕ್ಕಳಪ್ಪು
6 ಜುಲೈ 2012

ಮಗಳೇ,

ಕರಡಿನಲ್ಲಿ ಒಂದೇ ಕಡೆ ತಿದ್ದಿದ್ದೇನೆ. "ಕಿವಿಯ ದೋಷದಿಂದ ತಪ್ಪಾಗಿ ಅನುವಾದಿಸಿದೆ" ಎಂದು ಬರೆದಿದ್ದೀಯ. ಅದರ ಕೆಳಗೆ "ಅದೇ ದಿನ ಸಂಜೆ ತಪ್ಪು ತಿಳಿದರೂ ಹೇಳದೆ ಉಳಿದೆ" ಎಂದು ಸೇರಿಸಿದೆ. ಮಗಳಾಗಿ ಬಿಟ್ಟಿದ್ದೀಯ, ವಕೀಲಳಾಗಿ ಬಿಡಬಾರದು. ಇಲ್ಲಿನ ನೋಟರಿಯ ಮುಂದೆ ಸಹಿ ಮಾಡಿ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದೇನೆ.

ರಾಸಮ್ಮನಿಗೆ ಹೇಳಿದೆ. ಮೂರು ದಿನ ತಟ್ಟೆ ತಂದು ಕುಕ್ಕಿ ಹೋದಳು. ನಾಲ್ಕನೇ ದಿನ ಕಿವಿಯ ಹತ್ತಿರ ಬಂದು, "ಆ ಹೆಂಗ್ಸು ಸತ್ತಾಗ ಗಂಡ ಹತ್ರ ಇರ್ಲಿಲ್ಲ. ನಿನ್ನ ಹೆಂಡ್ತಿ ಸತ್ತಾಗ ನೀನು ಪಕ್ಕದಲ್ಲಿ ಕೂತಿದ್ದೆ" ಎಂದಳು.

ಹೆನೆಗಮ ಸಾಹೇಬರಿಗೂ ಬರೆದೆ. ಅವರ ಮಗ ಉತ್ತರ ಬರೆದಿದ್ದಾನೆ. ತಂದೆಗೆ ನೆನಪು ಹೋಗಿದೆಯಂತೆ.

ನೀನು ಹೊರಡು. ಕೇಸು ಇಂದ್ರಾಣಿ ಅವರ ಕೈಯಲ್ಲಿ ಇರಲಿ. ನನ್ನ ತಪ್ಪಿಗೆ ನಿನ್ನ ಒಂದು ವರ್ಷವನ್ನೂ ಸೇರಿಸಬೇಡ.

ಅಪ್ಪ


ಎಡಿನ್‌ಬರೋ
16 ಸೆಪ್ಟೆಂಬರ್ 2012

ಅಪ್ಪಾ,

ಬಂದು ಹತ್ತು ದಿನವಾಯಿತು. ವಿಮಾನ ನಿಲ್ದಾಣದಲ್ಲಿ ನೀವು ಏನೋ ಹೇಳಲು ಬಂದಿರಿ, ನಾನು ಬ್ಯಾಗು ನೋಡುತ್ತಿದ್ದೆ. ಬೇಕೆಂದೇ ನೋಡುತ್ತಿದ್ದೆ.

ಇಲ್ಲಿ ಬಸ್ಸಿನವನ ಇಂಗ್ಲಿಷ್ ನನಗೆ ಒಂದು ಅಕ್ಷರವೂ ತಿಳಿಯುವುದಿಲ್ಲ. ಕೇಳುವುದರಲ್ಲಿ ಎಂಟು ಅಂಕದವಳು. ಮೂರು ಸಲ "ಏನಂದಿರಿ?" ಎಂದು ಕೇಳುತ್ತೇನೆ, ಅವನು ಮೂರು ಸಲವೂ ಹೇಳುತ್ತಾನೆ.

ಮೇಡಂ ಬರೆದಿದ್ದಾರೆ. ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಂಡಿದ್ದಾರೆ, ಜನವರಿ ಹದಿನೇಳಕ್ಕೆ ದಿನ ಕೊಟ್ಟಿದ್ದಾರೆ. ನೀವೂ ಸನ್ನಾಸಿಯೂ ಸಾಕ್ಷಿ ಹೇಳಬೇಕು. ಅದಕ್ಕೆ ಮೊದಲು ನೀವು ಒಮ್ಮೆ ಅಲ್ಲಿಗೆ ಹೋಗುತ್ತೀರೋ ಇಲ್ಲವೋ ಎಂದು ನಾನು ಕೇಳುವುದಿಲ್ಲ.

ಮೇಕಲಾ


ಮಟ್ಟಕ್ಕಳಪ್ಪು
11 ಅಕ್ಟೋಬರ್ 2012

ಮಗಳು ಮೇಕಲಾಗೆ,

ಹೋಗಿ ಬಂದೆ. ರಾಸಮ್ಮ ಮಂಡಿ ನೋವಿನಲ್ಲೂ ಜೊತೆಗೆ ಬರುತ್ತೇನೆಂದಳು. ಬೇಡವೆಂದೆ. ಬದುಲ್ಲೆಯವರೆಗೆ ಬಸ್ಸು, ಅಲ್ಲಿಂದ ಇನ್ನೊಂದು, ಕೊನೆಯ ಎರಡು ಮೈಲಿ ನಡಿಗೆ. ದಾರಿಯಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಬಾಗಿಲಿಗೆ ಹೋದಾಗ ಒಂದೂ ಉಳಿಯಲಿಲ್ಲ.

ಸನ್ನಾಸಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಗುರುತಿಸಿದ. ನಾನು ಅವನನ್ನು ಗುರುತಿಸಲಿಲ್ಲ. ಮರಗದಂ ಒಂದು ನೋಟ್‌ಬುಕ್ಕು ಮತ್ತು ಪೆನ್ನು ತಂದು ನಮ್ಮಿಬ್ಬರ ನಡುವೆ ಕೂತಳು. ನನಗೆ ಮಾತು ಬರುತ್ತದೆ, ಕೇಳುವುದಿಲ್ಲ. ನಾನು ಬಾಯಲ್ಲಿ ಹೇಳಬೇಕು, ಅವನು ಹೇಳಿದ್ದನ್ನು ಅವಳು ಬರೆದು ತೋರಿಸಬೇಕು ಎಂದು ಆಯಿತು.

ನಾನು ಹೇಳಬೇಕಾದದ್ದನ್ನು ಹೇಳಿದೆ. ಕಿವಿಯ ಕಥೆ ಮೊದಲು ಹೇಳಲಿಲ್ಲ, ಮೆಟ್ಟಿಲ ಹತ್ತಿರ ನಿನ್ನ ಹೆಂಡತಿ ಸಿಕ್ಕಳು ಎಂಬಲ್ಲಿಂದ ಶುರು ಮಾಡಿದೆ. ಎಷ್ಟು ಜೋರಾಗಿ ಹೇಳಿದೆನೋ, ಪಕ್ಕದ ಮನೆಗಳಿಂದ ಜನ ಹೊರಗೆ ಬಂದು ನಿಂತರು.

ಅವನು ಒಂದು ಪ್ರಶ್ನೆ ಕೇಳಿದ. ಮರಗದಂ ಬರೆದಳು: "ಅವಳು ಅಳ್ತಿದ್ಲಾ?"

ಇಲ್ಲ, ನೇರವಾಗಿ ನಿಂತು ಕೇಳಿದಳು, ಹೆದರಲಿಲ್ಲ ಎಂದೆ. ಅವನು ತಲೆಯಾಡಿಸಿದ. ಆಮೇಲೆ ನನ್ನ ಕಡೆ ಬೆನ್ನು ಹಾಕಿ, ಎಲೆ ತೂಗುವ ಕೊಟ್ಟಿಗೆಯ ಕಡೆ ನೋಡುತ್ತ ಮಾತಾಡತೊಡಗಿದ. ಬಹಳ ಹೊತ್ತು ಮಾತಾಡಿದ. ಮುಖ ನನಗೆ ಕಾಣುತ್ತಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಹೊರಗೆ ನಿಂತಿದ್ದವರಲ್ಲಿ ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಮರಗದಂ ಪೆನ್ನು ಹಿಡಿದು ಕೂತೇ ಇದ್ದಳು. ಒಮ್ಮೆ ಒಂದು ಪದ ಬರೆದು ಹೊಡೆದು ಹಾಕಿದಳು.

ಅವನು ನಿಲ್ಲಿಸಿದ ಮೇಲೆ ಅವಳು ನನ್ನ ಮುಖ ನೋಡಿದಳು. ಆಮೇಲೆ ಬರೆದಳು: "ಟೀ ಕುಡಿದು ಹೋಗಿ ಅಂತಾರೆ."

ಅಷ್ಟು ಹೊತ್ತಿನ ಮಾತು ನಾಲ್ಕು ಪದಕ್ಕೆ ಇಳಿಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ನನ್ನನ್ನು ಉಳಿಸಿದಳೋ, ಮಾವನನ್ನು ಉಳಿಸಿದಳೋ ತಿಳಿಯದು. ಉಳಿದದ್ದನ್ನು ಬರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಟೀ ಕುಡಿದೆ. ಕಪ್ಪು ಟೀ, ಜೊತೆಗೆ ಒಂದು ತುಂಡು ಬೆಲ್ಲ.

ಜನವರಿ ಹದಿನೇಳಕ್ಕೆ ಅವನು ಕೋರ್ಟಿನಲ್ಲಿ ಮಾತಾಡುತ್ತಾನೆ. ಸಾಕ್ಷಿಯ ಪ್ರತಿ ಮಾತನ್ನೂ ಅಲ್ಲಿಯೇ ಟೈಪ್ ಮಾಡಿ ನನ್ನ ಮುಂದಿಡಬೇಕು, ಕಿವಿ ಕೇಳದವನಿಗೆ ಅದು ಹಕ್ಕು ಎಂದು ಇಂದ್ರಾಣಿ ಅವರು ಅರ್ಜಿ ಹಾಕಿದ್ದಾರೆ. ಅವತ್ತು ಪೂರ್ತಿ ಓದುತ್ತೇನೆ.

ಅಪ್ಪ